ನಾಲ್ಕು ಗಂಟೆಯ ದಾರಿಗೆ ನಾಲ್ಕು ಗಂಟೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ಮಾತಿಗೆ ನಿಂತವನು ಹಳೆಯ ನೆನಪುಗಳನ್ನು ಹೇಳುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಹಿರಿಯರು ಬೆಳಗಿನ ಗೋಷ್ಠಿಯಲ್ಲಿ ಸೊಗಸಾಗಿ ಮಾಡಿದ್ದಾರೆ. ನನ್ನಿಂದ ಸಂಚಾಲಕರು ಬಯಸಿದ್ದು ಬೇರೆ. ಅಂಚೆ ಇಲಾಖೆಯಿಂದ ನಿವೃತ್ತನಾದ ಮೇಲೆ ನಾನು ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸವನ್ನು ಹಚ್ಚಿಕೊಂಡಿರುವುದು ರಾಯದುರ್ಗದಲ್ಲಿ ಕೆಲವರಿಗೆ ತಿಳಿದಿದೆ. ಅದನ್ನು ನೋಡಲು ಬಂದ ಪೋಷಕರು ಕೇಳುವ ಪ್ರಶ್ನೆ ಒಂದೇ: "ಇದು ಆಟವೋ, ಪಾಠವೋ? ನಮ್ಮ ಹುಡುಗರ ಕೈಗೆ ಕೊಡಬಹುದೋ, ಬಾರದೋ?" ಈ ಪ್ರಶ್ನೆಗೆ ನನಗೆ ತಿಳಿದ ಮಟ್ಟಿನ ಉತ್ತರವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಆ ಉತ್ತರ ಕೊನೆಗೆ ನಮ್ಮ ಶಾಲೆಯ ವಿಷಯಕ್ಕೇ ಬಂದು ನಿಲ್ಲುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಫ್ಲೈಟ್ ಸಿಮ್ಯುಲೇಟರ್ ಎಂಬುದು ವಿಮಾನದ ಹಾರಾಟವನ್ನು ಅನುಕರಿಸುವ ಸಾಧನ. ವಿಮಾನದ ತೂಕ, ಎಂಜಿನ್ನಿನ ಶಕ್ತಿ, ರೆಕ್ಕೆಯನ್ನು ಎತ್ತಿ ಹಿಡಿಯುವ ಗಾಳಿ, ಆ ಎತ್ತರದ ತಂಪು, ಇವೆಲ್ಲವನ್ನೂ ಅದು ಕ್ಷಣಕ್ಷಣಕ್ಕೂ ಲೆಕ್ಕಹಾಕಿ, ಚಾಲಕನ ಮುಂದಿನ ಮಾಪಕಗಳನ್ನೂ ಕಿಟಕಿಯ ಹೊರಗಿನ ನೋಟವನ್ನೂ ಪರದೆಯ ಮೇಲೆ ತೋರಿಸುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆ ಇಂಥದೊಂದು ತಂತ್ರಾಂಶವನ್ನು 1982ರಷ್ಟು ಹಿಂದೆಯೇ ಮನೆಯ ಕಂಪ್ಯೂಟರುಗಳಿಗಾಗಿ ಹೊರತಂದಿತು. ಇಂದು ಎಕ್ಸ್-ಪ್ಲೇನ್ ಇದೆ. ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದಾದ ಫ್ಲೈಟ್‌ಗಿಯರ್ ಇದೆ. ಇವುಗಳಲ್ಲಿ ಗಡಿಯಾರವನ್ನು ಓಡಿಸುವ ಸೌಲಭ್ಯವೂ ಇರುತ್ತದೆ. ಒಂದು ಗುಂಡಿ ಒತ್ತಿದರೆ ಕಾಲ ನಾಲ್ಕು ಪಟ್ಟು, ಎಂಟು ಪಟ್ಟು, ಹದಿನಾರು ಪಟ್ಟು ವೇಗವಾಗಿ ಸಾಗುತ್ತದೆ. ನಾಲ್ಕು ಗಂಟೆಯ ಪ್ರಯಾಣ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಈ ಹವ್ಯಾಸಿಗಳಲ್ಲಿ ಆ ಗುಂಡಿಯನ್ನು ಮುಟ್ಟದವರ ಒಂದು ಪಂಗಡವಿದೆ. ನಾಲ್ಕು ಗಂಟೆಯ ದಾರಿಗೆ ಅವರು ನಾಲ್ಕು ಗಂಟೆಯನ್ನೇ ಕೊಡುತ್ತಾರೆ. ನಾನು ಆ ಪಂಗಡದವನು.

ಈ ಸಾಧನದ ಹುಟ್ಟಿನ ಕಥೆ ಅಂಚೆಯವನಾದ ನನಗೆ ಬಹಳ ಹತ್ತಿರದ್ದು. ಅಮೆರಿಕದ ಎಡ್ವಿನ್ ಲಿಂಕ್ ಎಂಬವನ ಮನೆತನ ಆರ್ಗನ್ ಮುಂತಾದ ವಾದ್ಯಗಳನ್ನು ತಯಾರಿಸುತ್ತಿತ್ತು. ನಮ್ಮ ಹಾರ್ಮೋನಿಯಮ್ಮಿನಲ್ಲಿರುವಂತೆ ಆ ವಾದ್ಯಗಳಲ್ಲಿಯೂ ಗಾಳಿ ಒತ್ತುವ ತಿದಿಗಳಿರುತ್ತವೆ. ಲಿಂಕ್ ಅಂಥ ತಿದಿಗಳ ಮೇಲೆ ಒಂದು ಪುಟ್ಟ ವಿಮಾನದ ಡಬ್ಬಿಯನ್ನು ಕೂರಿಸಿ, ಒಳಗೆ ಕುಳಿತವನು ಹಿಡಿಕೆಯನ್ನು ಆಡಿಸಿದಂತೆ ಅದು ಬಾಗುವ, ತಿರುಗುವ ಏರ್ಪಾಟನ್ನು 1929ರ ವೇಳೆಗೆ ಸಿದ್ಧಪಡಿಸಿದನು. ಮೊದಲು ಅದನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. ಜಾತ್ರೆಯಂಥ ಮನರಂಜನೆಯ ತಾಣಗಳಿಗೆ ಅದು ಹೋಯಿತು. 1934ರಲ್ಲಿ ಅಮೆರಿಕದ ಸೇನೆಯು ಅಂಚೆ ಸಾಗಿಸುವ ಹೊಣೆಯನ್ನು ಹೊತ್ತುಕೊಂಡಿತು. ಮೋಡ, ಮಂಜು, ಇರುಳುಗಳಲ್ಲಿ ಮಾಪಕಗಳನ್ನೇ ನಂಬಿ ಹಾರುವ ಅಭ್ಯಾಸವಿಲ್ಲದ ಹತ್ತಕ್ಕೂ ಹೆಚ್ಚು ಚಾಲಕರು ಕೆಲವೇ ವಾರಗಳಲ್ಲಿ ಪ್ರಾಣ ತೆತ್ತರು. ಆ ಬಳಿಕ ಸೇನೆ ಲಿಂಕನ ಆರು ಯಂತ್ರಗಳನ್ನು ಕೊಂಡಿತು. ಮನರಂಜನೆಯ ವಸ್ತು ಪಾಠದ ವಸ್ತುವಾದದ್ದು ಹೀಗೆ, ಅಂಚೆಯ ಚೀಲಗಳ ನಿಮಿತ್ತದಿಂದ. ಆಟವೋ ಪಾಠವೋ ಎಂಬ ಪ್ರಶ್ನೆಗೆ ಚರಿತ್ರೆಯ ಉತ್ತರ ಇಷ್ಟು: ವಸ್ತು ಅದೇ, ಅದನ್ನು ಬಳಸುವ ರೀತಿ ಬೇರೆ.

ನಮ್ಮ ದೇಶದ ಅಂಚೆಯ ಕಥೆಗೂ ನಮ್ಮ ಈ ಸೀಮೆಗೂ ಒಂದು ನಂಟಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೂಲಕ ಬೊಂಬಾಯಿಗೆ ಅಂಚೆಯನ್ನು ಹೊತ್ತು ಹಾರಿದರು. ವಿಮಾನ ಒಂದೇ ಎಂಜಿನ್ನಿನ ಪುಸ್ ಮಾತ್; ಅದರಲ್ಲಿ ರೇಡಿಯೋ ಇರಲಿಲ್ಲ. ಅಹಮದಾಬಾದಿನಲ್ಲಿ ಅದಕ್ಕೆ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ. ಬೊಂಬಾಯಿಯ ಜುಹು ಬಯಲಿನಿಂದ ಮುಂದಿನ ದಾರಿಯನ್ನು ನೆವಿಲ್ ವಿನ್ಸೆಂಟ್ ವಹಿಸಿಕೊಂಡರು. ಆ ದಾರಿ ಮದ್ರಾಸಿಗೆ ಹೋದದ್ದು ನಮ್ಮ ಬಳ್ಳಾರಿಯ ಮೂಲಕ. "ನಮ್ಮ" ಎನ್ನುವ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಅಂದು ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಅವು ಆಂಧ್ರಕ್ಕೆ ಬಂದವು. ಆ ಪುಟ್ಟ ವಿಮಾನ ನಮ್ಮ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ನೆಲ ಮುಟ್ಟಿದ ಕಾಲಕ್ಕೆ ಈ ಶಾಲೆಯಲ್ಲಿ ಮಕ್ಕಳು ಕನ್ನಡದಲ್ಲಿ ಮಗ್ಗಿ ಹೇಳುತ್ತಿದ್ದರು.

ಈ ದಾರಿಯನ್ನು ಅದೇ ವೇಗದಲ್ಲಿ, ಅದೇ ತಿಂಗಳಿನಲ್ಲಿ, ಗಡಿಯಾರವನ್ನು ಓಡಿಸದೆ ಹಾರಿ ನೋಡಬೇಕೆಂಬುದು ನನ್ನ ಆಸೆಯಾಗಿತ್ತು. ಕರಾಚಿಯಿಂದ ಮದ್ರಾಸಿಗೆ ಈ ಮಾರ್ಗ ಸುಮಾರು 2,100 ಕಿಲೋಮೀಟರು. ಅದರಲ್ಲಿ ಬೊಂಬಾಯಿ–ಬಳ್ಳಾರಿಯ ಭಾಗ ನೇರ ಗೆರೆಯಲ್ಲಿ ಸುಮಾರು 615 ಕಿಲೋಮೀಟರು. ಫ್ಲೈಟ್‌ಗಿಯರಿನಲ್ಲಿ ದೊರೆಯುವ ಸೆಸ್ನಾ 172 ಎಂಬ ಸಣ್ಣ ವಿಮಾನವನ್ನು ಗಂಟೆಗೆ 160 ಕಿಲೋಮೀಟರಿನ ನಿಧಾನಕ್ಕೆ ಇಳಿಸಿಕೊಂಡರೆ ಹಳೆಯ ವಿಮಾನದ ನಡಿಗೆಗೆ ಹತ್ತಿರವಾಗುತ್ತದೆ. ಈ ಲೆಕ್ಕದಂತೆ ಬಳ್ಳಾರಿಗೆ 3 ಗಂಟೆ 50 ನಿಮಿಷ. ದಾರಿ ತೋರಿಸುವ ಇಂದಿನ ಉಪಕರಣಗಳನ್ನೆಲ್ಲ ಮುಚ್ಚಿಟ್ಟು ದಿಕ್ಸೂಚಿ, ಗಡಿಯಾರ, ಕಾಗದದ ಭೂಪಟ, ಸೀಸದ ಕಡ್ಡಿ ಇಷ್ಟನ್ನೇ ಇಟ್ಟುಕೊಂಡೆ. ಕರಾಚಿಯ ಅಂಚೆ ಮಧ್ಯಾಹ್ನ ಎರಡು ಗಂಟೆಯೊಳಗೆ ಜುಹುವಿಗೆ ಬಂದಿತ್ತು. ಆದುದರಿಂದ ಪರದೆಯ ಮೇಲಿನ ಗಡಿಯಾರ 2 ಗಂಟೆ 15 ನಿಮಿಷ ತೋರಿಸುವಾಗ ನಾನು ನೆಲ ಬಿಟ್ಟೆ. ಅದೇ ಅಪರಾಹ್ನ ಹೊರಟರೆ ಏನಾಗುತ್ತದೆ ಎಂಬುದು ನನ್ನ ಕುತೂಹಲವಾಗಿತ್ತು.

ಮೊದಲ ಅರ್ಧ ಗಂಟೆಯಲ್ಲಿ ಕೊಂಕಣದ ಕರಾವಳಿ ಹಿಂದೆ ಸರಿದು ಸಹ್ಯಾದ್ರಿಯ ಗೋಡೆ ಎದುರಾಗುತ್ತದೆ. ಅದಕ್ಕಾಗಿ ಮೊದಲೇ 1,800 ಮೀಟರು ಏರಿರಬೇಕು. ಗೋಡೆಯನ್ನು ದಾಟಿದ ಮೇಲೆ ಎರಡು ಗಂಟೆಗೂ ಹೆಚ್ಚು ಕಾಲ ಏನೂ ಆಗುವುದಿಲ್ಲ. ಬಯಲು, ಬೋಳು ಗುಡ್ಡ, ಮತ್ತೆ ಬಯಲು. ಹತ್ತು ನಿಮಿಷಕ್ಕೊಮ್ಮೆ ವೇಗ, ದಿಕ್ಕು, ಇರಬೇಕಾದ ಸ್ಥಳ ಇವುಗಳನ್ನು ಹಾಳೆಯ ಮೇಲೆ ಬರೆದುಕೊಳ್ಳುವುದೇ ಕೆಲಸ. 4 ಗಂಟೆ 30 ನಿಮಿಷದ ವೇಳೆಗೆ ಎಡಕ್ಕೆ ಜತ್ತ ಇರಬೇಕು. ಅಲ್ಲಿಯೂ ನಮ್ಮಂತೆಯೇ ರಾಜ್ಯದ ಗೆರೆಯ ಆಚೆಗೆ ಉಳಿದ ಕನ್ನಡ ಶಾಲೆಗಳಿವೆ. 5 ಗಂಟೆಗೆ ಬಾಗಲಕೋಟೆಯ ಬಳಿ ಕೃಷ್ಣೆಯ ಹಿನ್ನೀರು ಕಣ್ಣಿಗೆ ಬೀಳುತ್ತದೆ. ಬಳಿಕ ಮತ್ತೆ ಮುಕ್ಕಾಲು ಗಂಟೆಯ ಬಯಲು. ಆಮೇಲೆ ತುಂಗಭದ್ರೆ. ಕಂಪ್ಲಿಯ ಆಸುಪಾಸಿನಲ್ಲಿ ಹೊಳೆಯನ್ನು ದಾಟಿದ ಹದಿನೇಳು ನಿಮಿಷಕ್ಕೆ ಬಳ್ಳಾರಿ. ಬಲಕ್ಕೆ ದೂರದಲ್ಲಿ ಅಣೆಕಟ್ಟಿನ ದೊಡ್ಡ ನೀರು ಮಿನುಗುತ್ತದೆ. ವಿನ್ಸೆಂಟರಿಗೆ ಆ ಗುರುತು ಇರಲಿಲ್ಲ, ಅಣೆಕಟ್ಟು ಕಟ್ಟಿದ್ದು ಮುಂದೆ. ಕೃಷ್ಣೆಯ ಹಿನ್ನೀರೂ ಹಾಗೆಯೇ. ಸಿಮ್ಯುಲೇಟರ್ ತೋರಿಸುವುದು ಇಂದಿನ ಭೂಮಿಯನ್ನು. ಅವರ ಕಣ್ಣಿಗೆ ಬಿದ್ದಿರಬಹುದಾದದ್ದು ಹೊಳೆಗಳ ತೆಳುವಾದ ಗೆರೆ ಮತ್ತು ಬಳ್ಳಾರಿಯ ಬಂಡೆಗಲ್ಲಿನ ಗುಡ್ಡ.

ಅಕ್ಟೋಬರ್ ನಡುವಿನಲ್ಲಿ ಬಳ್ಳಾರಿಯಲ್ಲಿ ಸೂರ್ಯ ಮುಳುಗುವುದು ಸಂಜೆ 6 ಗಂಟೆಯ ಸುಮಾರಿಗೆ. ನನ್ನ ಗಡಿಯಾರ 6 ಗಂಟೆ 5 ನಿಮಿಷ ತೋರಿಸುತ್ತಿತ್ತು. ಗುಡ್ಡದ ನೆತ್ತಿಯಲ್ಲಿ ಕೆಂಪು, ಬುಡದಲ್ಲಿ ಕತ್ತಲೆ. ಇನ್ನು ಇಪ್ಪತ್ತು ನಿಮಿಷ ಕಳೆದರೆ ನೆಲ ಕಾಣುವುದಿಲ್ಲ. ಮದ್ರಾಸು ಇನ್ನೂ 430 ಕಿಲೋಮೀಟರು, ಎಂದರೆ ಎರಡು ಮುಕ್ಕಾಲು ಗಂಟೆಯ ದೂರ. ಮಾರ್ಗದ ಮಧ್ಯದಲ್ಲಿ ಬಳ್ಳಾರಿ ಏಕೆ ಇತ್ತು ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದರೆ "ಇಂಧನಕ್ಕಾಗಿ, ವಿಶ್ರಾಂತಿಗಾಗಿ" ಎಂಬ ಒಂದು ಸಾಲು ಸಿಗುತ್ತಿತ್ತು. ನಾಲ್ಕು ಗಂಟೆ ಕುಳಿತು, ಬೆಳಕು ತೀರುತ್ತ ಬರುವುದನ್ನು ಕಂಡಾಗ ಆ ಸಾಲಿನ ಅರ್ಥ ಮೈಗೆ ತಾಕಿತು. ಹದಿನಾರು ಪಟ್ಟು ವೇಗದಲ್ಲಿ ಹಾರಿದ್ದರೆ ಕೃಷ್ಣೆಗೂ ತುಂಗಭದ್ರೆಗೂ ನಡುವೆ ಮೂರು ನಿಮಿಷವೂ ಇರುತ್ತಿರಲಿಲ್ಲ. ಎರಡು ನದಿಗಳ ನಡುವಿನ ದೋಆಬಿಗಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಳ ಕಾಲ ಹೋರಾಡಿದ್ದನ್ನು ನಾವು ಇದೇ ಶಾಲೆಯಲ್ಲಿ ಓದಿದ್ದೇವೆ. ಆ ನೆಲ ಎಷ್ಟು ಅಗಲವಾದುದೆಂಬುದನ್ನು ನನಗೆ ಕಲಿಸಿದ್ದು ಆ ಮುಕ್ಕಾಲು ಗಂಟೆಯ ಬೇಸರ.

ಮಕ್ಕಳೆ, ಈಗ ನಿಮ್ಮ ಗಣಿತದ ಮಾತು. ವಿಮಾನ ಆಗ್ನೇಯಕ್ಕೆ ಹೋಗುತ್ತಿದೆ. ಎಡಬದಿಯಿಂದ, ಎಂದರೆ ಈಶಾನ್ಯದಿಂದ, ಗಂಟೆಗೆ 20 ಕಿಲೋಮೀಟರಿನ ಗಾಳಿ ಬೀಸುತ್ತಿದೆ ಎಂದಿಟ್ಟುಕೊಳ್ಳಿ. ಇದು ಬಿರುಗಾಳಿಯಲ್ಲ, ಸೈಕಲ್ಲಿನಲ್ಲಿ ಬರುವಾಗ ನಿಮ್ಮ ಮುಖಕ್ಕೆ ಬಡಿಯುವ ಗಾಳಿ. ಚಾಲಕನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮೂತಿಯನ್ನು ಬಳ್ಳಾರಿಯ ದಿಕ್ಕಿಗೇ ಹಿಡಿದು ಕುಳಿತರೆ, 3 ಗಂಟೆ 50 ನಿಮಿಷದಲ್ಲಿ ಗಾಳಿ ಅವನನ್ನು 77 ಕಿಲೋಮೀಟರು ನೈರುತ್ಯಕ್ಕೆ ತಳ್ಳಿರುತ್ತದೆ. ಲೆಕ್ಕದ ಹೊತ್ತಿಗೆ ಕೆಳಗೆ ನೋಡಿದರೆ ಬಳ್ಳಾರಿ ಇಲ್ಲ. ಕೂಡ್ಲಿಗಿ–ಜಗಳೂರುಗಳ ನಡುವಿನ ಬಯಲು ಇರುತ್ತದೆ, ಸಂಜೆಯೂ ಆಗಿರುತ್ತದೆ. ಪರಿಹಾರವೇನು? 160 ಮತ್ತು 20ರ ಲಂಬಕೋನ ತ್ರಿಭುಜವನ್ನು ಬರೆಯಿರಿ. ಮೂತಿಯನ್ನು ಸುಮಾರು 7 ಡಿಗ್ರಿ ಎಡಕ್ಕೆ ತಿರುಗಿಸಿ ಹಿಡಿದರೆ ವಿಮಾನ ಓರೆಯಾಗಿ ನಿಂತು ನೇರವಾಗಿ ಸಾಗುತ್ತದೆ. ಹಳೆಯ ಚಾಲಕರ ಒಂದು ಬಾಯಿಲೆಕ್ಕವೂ ಇದೆ: 60 ಕಿಲೋಮೀಟರು ಸಾಗುವಷ್ಟರಲ್ಲಿ 1 ಕಿಲೋಮೀಟರು ಪಕ್ಕಕ್ಕೆ ಸರಿದಿದ್ದರೆ ದಿಕ್ಕಿನ ವ್ಯತ್ಯಾಸ ಸುಮಾರು 1 ಡಿಗ್ರಿ. ಇದಕ್ಕೆ ಬೇಕಾದ ಕೋನಮಾಪಕ ನಿಮ್ಮ ಕಂಪಾಸು ಪೆಟ್ಟಿಗೆಯಲ್ಲಿದೆ. ಬೇಕಾದ ತ್ರಿಕೋನಮಿತಿ ನಿಮ್ಮ ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿದೆ.

ಇನ್ನೂ ದೂರದ ದಾರಿಗಳಿಗೆ ಹೋದರೆ ಭೂಗೋಳದ ಪಾಠ ಇನ್ನೂ ದೊಡ್ಡದಾಗುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ, ಮಹಿಳೆಯರೇ ಚಾಲಕರಾಗಿದ್ದ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮಾರ್ಗವಾಗಿ ಬೆಂಗಳೂರಿಗೆ ಬಂದಿತು. ಎರಡು ಊರುಗಳ ನಡುವೆ ನೇರ ದೂರ ಸುಮಾರು 14,000 ಕಿಲೋಮೀಟರು. ಪ್ರಯಾಣ ಹದಿನೇಳು ಗಂಟೆಗೂ ಮೀರಿದ್ದು. ಗೋಡೆಗೆ ತೂಗುಹಾಕಿದ ಭೂಪಟವನ್ನು ನೋಡಿದವರಿಗೆ ಬೆಂಗಳೂರಿಗೆ ಬರಲು ಧ್ರುವದ ಕಡೆಗೆ ಏಕೆ ಹೋಗಬೇಕು ಎಂದು ಆಶ್ಚರ್ಯವಾಗುತ್ತದೆ. ನಮ್ಮ ತರಗತಿಯಲ್ಲಿರುವ ಗೋಲದ ಮೇಲೆ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ. ಅದು ತಾನಾಗಿಯೇ ಉತ್ತರಕ್ಕೆ ಏರಿ ಬರುತ್ತದೆ. ಅದೇ ಮಹಾವೃತ್ತ. ಆ ವಿಮಾನ ಹೊರಟದ್ದು ಅಲ್ಲಿಯ ಜನವರಿ 9ರ ರಾತ್ರಿ. ಮುಟ್ಟಿದ್ದು ಇಲ್ಲಿಯ 11ರ ನಸುಕಿಗೆ ಮೊದಲು. ಜನವರಿಯಲ್ಲಿ ಧ್ರುವದಲ್ಲಿ ಸೂರ್ಯೋದಯವಿಲ್ಲ. ಅದೇ ದಿನ, ಅದೇ ಹೊತ್ತು ಇಟ್ಟು ಧ್ರುವದ ದಾರಿಯಲ್ಲಿ ಮನೆಯಲ್ಲಿ ಹಾರಿಸಿದರೆ ಹದಿನೇಳು ಗಂಟೆ ಕಿಟಕಿಯ ಹೊರಗೆ ಇರುಳೇ. ಇಲ್ಲಿ ಬೆಳಗಾಗಿ, ಮಧ್ಯಾಹ್ನವಾಗಿ, ದನಗಳು ಮನೆಗೆ ಬಂದರೂ ಪರದೆಯಲ್ಲಿ ನಕ್ಷತ್ರಗಳು ಮಾತ್ರ. ಭೂಮಿಯ ಅಕ್ಷ ವಾಲಿದೆ ಎಂಬ ವಾಕ್ಯವನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಆ ವಾಲುವಿಕೆಯನ್ನು ಗಂಟೆಗಳಲ್ಲಿ ಅಳೆದು ನೋಡುವ ಅವಕಾಶ ಇದು.

ಇಂಥ ದೀರ್ಘ ಹಾರಾಟದಲ್ಲಿ ಚಾಲಕನೂ ಗಂಟೆಗಟ್ಟಲೆ ಹಿಡಿಕೆ ಹಿಡಿದು ಕೂರುವುದಿಲ್ಲ. ಸ್ವಯಂಚಾಲಕ ಅದನ್ನು ನೋಡಿಕೊಳ್ಳುತ್ತದೆ. ಅವನ ಕೆಲಸ ಎಚ್ಚರ. ಇಷ್ಟು ಹೊತ್ತಿಗೆ ಇಷ್ಟು ಇಂಧನ ಉಳಿದಿರಬೇಕು, ಉಳಿದಿದೆಯೇ? ಈ ಕ್ಷಣದಲ್ಲಿ ಎಂಜಿನ್ನು ಕೈಕೊಟ್ಟರೆ ಹತ್ತಿರದ ನಿಲ್ದಾಣ ಯಾವುದು? ಏನೂ ಆಗದಿರುವಾಗ ಗಮನವನ್ನು ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಕಠಿನವಾದ ವಿದ್ಯೆ. ನಮ್ಮ ಮಕ್ಕಳ ಕೈಯಲ್ಲಿರುವ ಫೋನು ಹತ್ತು ಸೆಕೆಂಡಿಗೊಮ್ಮೆ ಹೊಸದನ್ನು ತೋರಿಸಿ ಈ ವಿದ್ಯೆಯನ್ನು ಕಸಿದುಕೊಳ್ಳುತ್ತಿದೆ ಎಂದು ಶಿಕ್ಷಕರು ನೊಂದುಕೊಳ್ಳುತ್ತಾರೆ. ಅದೇ ಬಗೆಯ ಪರದೆಯಿಂದಲೇ ಅದನ್ನು ಮರಳಿ ಕೊಡಬಹುದಾದರೆ ಏಕೆ ಬೇಡ?

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಒಂದನೆಯ ತರಗತಿಗೆ ಸೇರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದು ಈ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಹಬ್ಬದ ದಿನ ಅದನ್ನು ಹೇಳಬಾರದೆಂದರೆ ಮತ್ತೆ ಯಾವ ದಿನ ಹೇಳುವುದು? ಪೋಷಕರ ಅಳುಕು ನನಗೆ ಅರ್ಥವಾಗುತ್ತದೆ. ರಾಜ್ಯದ ಭಾಷೆ ತೆಲುಗು, ಕೆಲಸದ ಭಾಷೆ ಇಂಗ್ಲಿಷು. ಕನ್ನಡದಲ್ಲಿ ಕಲಿತ ಮಗು ಎರಡರಲ್ಲಿಯೂ ತಡವಾಗಿ ಮುಟ್ಟುತ್ತದೆಯೇನೋ ಎಂಬ ಅಳುಕು ಅದು. ಮೇಲಿನಿಂದ ನೋಡಿದರೆ ಗಡಿಗೆರೆ ಕಾಣುವುದಿಲ್ಲ ಎಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಲು ನಾನು ಬಂದಿಲ್ಲ. ಗಡಿ ಇದೆ. ಪಠ್ಯಪುಸ್ತಕ ಬರುವ ತಿಂಗಳಿನಲ್ಲಿ ಇದೆ, ಶಿಕ್ಷಕರ ನೇಮಕದಲ್ಲಿ ಇದೆ, ಉದ್ಯೋಗದ ಅರ್ಜಿಯಲ್ಲಿ ಇದೆ. ಹಾಗೆಯೇ ಆಕಾಶದಲ್ಲಿಯೂ ಇಂಗ್ಲಿಷು ಬೇಕು. ಅಂತಾರಾಷ್ಟ್ರೀಯ ಮಾರ್ಗದ ಚಾಲಕನು ನಿಗದಿತ ಮಟ್ಟದ ಇಂಗ್ಲಿಷ್ ಮಾತನ್ನು ಬಲ್ಲವನಾಗಿರಬೇಕೆಂಬುದು ನಿಯಮ. ಆ ಭಾಷೆಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲೇಬೇಕು.

ಆದರೆ ಗಾಳಿ ವಿಮಾನವನ್ನು ಪಕ್ಕಕ್ಕೆ ತಳ್ಳುತ್ತದೆ ಎಂಬುದು ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ. ಅದು ತಿಳಿವು. ಅದು ಒಮ್ಮೆ ಮನಸ್ಸಿಗೆ ಇಳಿದರೆ ಮತ್ತೆ ಕಲಿಯಬೇಕಾಗಿಲ್ಲ. ಅದರ ಇನ್ನೊಂದು ಹೆಸರನ್ನು ಮಾತ್ರ ಕಲಿತರಾಯಿತು. ಮನೆಯ ಮಾತಿನಲ್ಲಿ ಕೇಳಿದ ಮಗು "ಏಕೆ?" ಎಂದು ಕೇಳುತ್ತದೆ, ಅರ್ಥವಾಗದ ಮಾತಿನಲ್ಲಿ ಕೇಳಿದ ಮಗು ಬರೆದುಕೊಳ್ಳುತ್ತದೆ. ಬೇಗ ಮುಟ್ಟಿಸುವ ಗುಂಡಿಯನ್ನು ಒತ್ತಿದಾಗಲೂ ಬಳ್ಳಾರಿ ಬರುತ್ತದೆ, ನಿಜ. ಆದರೆ ದಾರಿ ಬರುವುದಿಲ್ಲ. ಮುಂದೆ ಮೋಡ ಕವಿದು ದಿಕ್ಕು ಬದಲಿಸಬೇಕಾದಾಗ ಉಪಯೋಗಕ್ಕೆ ಬರುವುದು ದಾರಿಯ ತಿಳಿವು. 1982ರಲ್ಲಿ, ಬೊಂಬಾಯಿಗೂ ಕರಾಚಿಗೂ ಜೆಟ್ಟುಗಳು ಹಾರುವ ಕಾಲದಲ್ಲಿ, 78 ವರ್ಷದ ಜೆ.ಆರ್.ಡಿ. ಅವರು ಹಳೆಯ ಲೆಪರ್ಡ್ ಮಾತ್ ವಿಮಾನವೊಂದರಲ್ಲಿ ಅದೇ ಮಾರ್ಗವನ್ನು ಮತ್ತೆ ಹಾರಿದರು. ಬೇಗ ಮುಟ್ಟುವುದಷ್ಟೇ ಗುರಿಯಾಗಿದ್ದರೆ ಅವರಿಗೆ ಅದು ಬೇಕಿರಲಿಲ್ಲ.

ಪೋಷಕರ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಒಬ್ಬಂಟಿ ಹುಡುಗನ ಕೈಗೆ ಇದನ್ನು ಕೊಟ್ಟು ಬಾಗಿಲು ಮುಚ್ಚಬೇಡಿ. ಆಗ ಇದು ಆಟವೇ. ನಾಲ್ವರಿಗೆ ಕೊಡಿ. ಒಬ್ಬಳು ಹಿಡಿಕೆ ಹಿಡಿಯಲಿ, ಒಬ್ಬನು ಭೂಪಟ ನೋಡಲಿ, ಒಬ್ಬಳು ಗಾಳಿಯ ಲೆಕ್ಕ ಮಾಡಲಿ, ಒಬ್ಬನು ಹತ್ತು ನಿಮಿಷಕ್ಕೊಮ್ಮೆ ದಿನಚರಿ ಬರೆಯಲಿ. ಗಂಟೆಗೊಮ್ಮೆ ಜಾಗ ಬದಲಿಸಿ ಎದ್ದು ಓಡಾಡಲಿ. ತಿಂಗಳಿಗೆ ಒಂದು ಹಾರಾಟ ಸಾಕು. ಹಾಗೆಂದು ಇದು ನಿಜವಾದ ಹಾರಾಟಕ್ಕೆ ಸಮವಲ್ಲ. ಇಲ್ಲಿ ಪೆಟ್ರೋಲಿನ ವಾಸನೆಯಿಲ್ಲ, ಪ್ರಾಣಭಯವಿಲ್ಲ. ಆದರೆ ದೂರ ಮಾತ್ರ ನಿಜವಾದುದು, ಹೊತ್ತು ನಿಜವಾದುದು, ಲೆಕ್ಕ ನಿಜವಾದುದು.

ಶಾಲೆಗೆ ನನ್ನದೊಂದು ಬಿನ್ನಹ. ಬರುವ ಅಕ್ಟೋಬರ್ 15ರಂದು ನಮ್ಮ ಗಣಕ ಕೊಠಡಿಯಲ್ಲಿ ಮಕ್ಕಳು ಬಳ್ಳಾರಿಯಿಂದ ಮದ್ರಾಸಿನವರೆಗಿನ ಭಾಗವನ್ನು ಹಾರಲಿ. ಆ ಗೆರೆ ಹಗರಿಯ ಮರಳನ್ನು ದಾಟಿ, ಅನಂತಪುರದ ನೆತ್ತಿಯ ಮೇಲೆ ಹಾದು, ತಿರುಪತಿಯ ಬೆಟ್ಟಗಳ ಬಳಿ ಸಾಗಿ ಕಡಲಿಗೆ ಇಳಿಯುತ್ತದೆ. ಎರಡು ಮುಕ್ಕಾಲು ಗಂಟೆ, ಗಡಿಯಾರವನ್ನು ಓಡಿಸದೆ. ಅದಕ್ಕೆ ಬೇಕಾದ ಕಂಪ್ಯೂಟರೊಂದನ್ನೂ ಹಿಡಿಕೆಯನ್ನೂ ನಾನು ಒದಗಿಸುತ್ತೇನೆ. ದಿನಚರಿಯನ್ನು ಮಾತ್ರ ಮಕ್ಕಳೇ ಕನ್ನಡದಲ್ಲಿ ಬರೆಯಬೇಕು; ವೇಗ, ದಿಕ್ಕು, ಗಾಳಿ, ಎತ್ತರ, ಉಳಿದ ದೂರ, ಎಲ್ಲವನ್ನೂ. ಆ ಹಾಳೆಗಳನ್ನು ಶಾಲೆಯ ದಾಖಲೆಗಳ ಜೊತೆ ಇಡಬೇಕು. ಮುಂದಿನ ನೂರು ವರ್ಷಗಳ ಲೆಕ್ಕವನ್ನು ತೆರೆಯಲು ಅದಕ್ಕಿಂತ ಒಳ್ಳೆಯ ಮೊದಲ ಪುಟ ನನಗೆ ತೋರುತ್ತಿಲ್ಲ.